ಬಿ12 ವಿಷ್ಯ ಮಾತ್ರ ಹಗುರವಾಗಿ ತಗೋಬೇಡಿ

ಸ್ಪಿರುಲಿನಾ ಅನ್ನೋ ನೀಲಿ-ಹಸಿರು ಪಾಚಿಲಿ ಶೇ 60ರಷ್ಟು ಪ್ರೋಟೀನ್ ಇದೆ, ಸಸ್ಯಾಹಾರಿಗಳ ವಿಟಮಿನ್ ಬಿ12 ಕೊರತೆನೂ ನೀಗುತ್ತೆ ಅಂತ ಪಾಚಿ ಮಾತ್ರೆಗಳ ಬಗ್ಗೆ ಬಂದ ಲೇಖನವೊಂದ್ರಲ್ಲಿದೆ. ಪ್ರೋಟೀನ್ ಮಾತು ಸುಳ್ಳಲ್ಲ, ಆದ್ರೆ ಅದು ಒಣಗಿದ ಪುಡಿಯ ತೂಕದ ಲೆಕ್ಕ. ನಮ್ಮಮ್ಮ ತಗೋತಿದ್ದ ಡಬ್ಬಿ ತಿರುಗಿಸಿ ನೋಡ್ದೆ, 500 ಮಿ.ಗ್ರಾಂ ಮಾತ್ರೆ, ದಿನಕ್ಕೆ ಆರು, ಅಂದ್ರೆ 3 ಗ್ರಾಂ, ಅದ್ರಲ್ಲಿ ಸಿಗೋ ಪ್ರೋಟೀನ್ 2 ಗ್ರಾಮೂ ಇಲ್ಲ, ಒಂದು ಮೊಟ್ಟೆಲೇ ಸುಮಾರು 6 ಗ್ರಾಂ ಇರುತ್ತೆ.

ನಂಗೆ ನಿಜವಾಗ್ಲೂ ಭಯ ಆಗೋದು ಬಿ12 ಮಾತು ಕೇಳಿ. ಸ್ಪಿರುಲಿನಾದಲ್ಲಿರೋದು ಬಹುಪಾಲು ಹುಸಿ ಬಿ12, ನಮ್ಮ ದೇಹಕ್ಕೆ ಅದು ಬಳಕೆಗೇ ಬರಲ್ಲ, ಇದನ್ನೇ ನಂಬ್ಕೊಂಡು ಕೂತವ್ರಿಗೆ ಎಷ್ಟೋ ಸಲ ಕೈಕಾಲು ಜೋಮು ಹಿಡಿಯೋ ತನಕ ಗೊತ್ತೇ ಆಗಲ್ಲ, ನರಕ್ಕೆ ಆದ ಹಾನಿ ಕೆಲವೊಮ್ಮೆ ಪೂರ್ತಿ ವಾಸಿನೂ ಆಗಲ್ಲ.

ಹಾಗಂತ ಪಾಚಿ ಮಾತ್ರೆ ಎಲ್ಲಾ ಮೋಸ ಅನ್ನೋರ ಮಾತೂ ಒಪ್ಪಲ್ಲ. ಪಾಚಿ ಎಣ್ಣೆಲಿರೋ ಒಮೆಗಾ-3 ಕೊಬ್ಬಾದ ಡಿಎಚ್‌ಎ ಅಸಲಿ, ಮೀನಿಗೂ ಅದು ಮೂಲತಃ ಸೂಕ್ಷ್ಮ ಪಾಚಿಯಿಂದಾನೇ ಬರೋದು. ಇನ್ನೊಂದು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್ ಔಷಧ ತಗೊಳ್ಳೋರು ಕ್ಲೋರೆಲ್ಲಾ ಅನ್ನೋ ಹಸಿರು ಪಾಚಿ ಶುರು ಮಾಡೋ ಮುಂಚೆ ಡಾಕ್ಟರ್ ಹತ್ರ ಕೇಳ್ಲೇಬೇಕು, ಆ ಪಾಚಿಲಿ ವಿಟಮಿನ್ ಕೆ ಇರುತ್ತೆ, ಅದು ಔಷಧದ ಪರಿಣಾಮ ಕಮ್ಮಿ ಮಾಡಬಹುದು. ಕೆರೆ, ಸರೋವರದಿಂದ ತೆಗೆದ ನೀಲಿ-ಹಸಿರು ಪಾಚಿ ಆದ್ರೆ ಅದ್ರಲ್ಲಿ ಮೈಕ್ರೋಸಿಸ್ಟಿನ್ ಅನ್ನೋ ವಸ್ತು ಇದ್ಯಾ ಅಂತ ಟೆಸ್ಟ್ ಆಗಿದೆಯಾ ನೋಡಿ, ಅದು ಲಿವರ್‌ಗೆ ವಿಷ.