ಕೊಳ್ಳಿದೆವ್ವದ ಪಾಲು

ಮಂಡ್ಯದ ಸೀಮೆಯಲ್ಲಿ ಕತ್ತಲೊಳಗೆ ಏನಾದರೂ ಫಳಕ್ಕೆಂದರೆ ಅದರ ಮೊದಲ ಹಕ್ಕುದಾರ ಕೊಳ್ಳಿದೆವ್ವ. ವಿಶ್ವೇಶ್ವರಯ್ಯ ನಾಲೆಯ ಏರಿ, ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದ ಒಂಟಿ ಮನುಷ್ಯ, ಕಬ್ಬಿನಾಚೆ ಒಂದು ಹುಣಸೆಮರ. ಕಥೆಗೆ ಇನ್ನೇನು ಬೇಕು? ನನಗೆ ಮಾತ್ರ ಈ ದೆವ್ವದ ಮೇಲೆ ಭಯಕ್ಕಿಂತ ಬೇಸರವೇ ಹೆಚ್ಚು. ಯಾವ ಬೆಳಕು ಕಂಡರೂ ಅದರದು ಒಂದೇ ಉತ್ತರ.

ಪ್ರಕೃತಿ ಇಷ್ಟು ಜಿಪುಣಿಯಲ್ಲ. ಬೇಸಿಗೆಯ ಕೊನೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ದಿಕ್ಕಿನಲ್ಲಿ ಸದ್ದಿಲ್ಲದೆ ಬಾನು ಬೆಳಗಿದರೆ, ಅದು ದೂರದ ಮಳೆಮೋಡದ ಮಿಂಚು. ಗುಡುಗು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ಕಿಲೋಮೀಟರ್ ದಾಟುವುದರೊಳಗೆ ಸೋತುಹೋಗುತ್ತದೆ. ಬೆಳಕು ಅದಕ್ಕಿಂತ ಎಷ್ಟೋ ದೂರದಿಂದ ಕಾಣುತ್ತದೆ. ನಕ್ಷತ್ರಗಳ ನಡುವೆ ಚುಕ್ಕಿಯೊಂದು ಗೆರೆ ಎಳೆಯದೆ ಹೊಳೆದು ಆರಿದರೆ, ನೇರ ನಮ್ಮತ್ತಲೇ ಬಂದ ಉಲ್ಕೆಯಿರಬಹುದು. ಹೊರಳುತ್ತಾ ಸಾಗುವ ಕೃತಕ ಉಪಗ್ರಹದ ಮೈಮೇಲೆ ಬಿದ್ದ ಬಿಸಿಲೂ ಇರಬಹುದು. ಬೇಲಿಯ ಮೇಲಿನದು ಮಿಂಚುಹುಳು, ಅದಕ್ಕೆ ಪಂಚಾಯಿತಿಯೇ ಬೇಡ. ಕೊಳ್ಳಿದೆವ್ವಕ್ಕೂ, ಜೌಗಿನ ಮೀಥೇನ್ ಅನಿಲ ಉರಿಯುತ್ತದೆ ಎಂಬ ಹಳೆಯ ವಿವರಣೆಯೊಂದಿದೆ. ಆದರೆ ಅದಕ್ಕೆ ಬೆಂಕಿ ಹಚ್ಚಿದವರು ಯಾರು ಎಂದು ಕೇಳಿದರೆ ತಡವರಿಸುತ್ತದೆ.

ನಮ್ಮ ದೊಡ್ಡಪ್ಪನವರ ಬೆಳಕು ಇದಾವುದಕ್ಕೂ ಸೇರಿದ್ದಲ್ಲ. "ದೀಪ ಆರಿಸಿ ಮಗ್ಗುಲಾದರೆ ಬಲಗಣ್ಣಿನ ಅಂಚಿನಲ್ಲಿ ಬಂದು ಹೋಗುತ್ತದಪ್ಪ" ಎನ್ನುತ್ತಿದ್ದರು. ಬಾಗಿಲು ಹಾಕಿದರೂ ಬರುತ್ತದೆ, ಕಣ್ಣು ಮುಚ್ಚಿದರೂ ಬರುತ್ತದೆ. ದೊಡ್ಡಮ್ಮ ತಾಯಿತ ಕಟ್ಟಿಸಿದರು, ಮಗ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದ. ವಯಸ್ಸಾದಂತೆ ಕಣ್ಣೊಳಗಿನ ಲೋಳೆ ಕುಗ್ಗಿ, ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪರದೆಯಾದ ಅಕ್ಷಿಪಟಲವನ್ನು ಜಗ್ಗುತ್ತದಂತೆ. ಅಕ್ಷಿಪಟಲವೋ, ಯಾರು ಮುಟ್ಟಿದರೂ ಮಿದುಳಿಗೆ ಬೆಳಕೆಂದೇ ವರದಿ ಮಾಡುವ ಹಳ್ಳಿ ಶಾನುಭೋಗ. ಅನೇಕರಿಗೆ ಇದು ತಾನಾಗಿ ಕಡಿಮೆಯಾಗುತ್ತದೆ. ಹೊಸದಾಗಿ ಮಿಂಚು ಕಂಡು ಜೊತೆಗೆ ಕಪ್ಪುಚುಕ್ಕೆಗಳ ಮಳೆಯೋ ಪರದೆ ಇಳಿದಂತೆಯೋ ಆದರೆ ಮಾತ್ರ ಒಂದು ದಿನವೂ ತಡಮಾಡಬಾರದು, ಪಟಲ ಹರಿದಿರಬಹುದು.

1969ರಲ್ಲಿ ಅಪೊಲೊ 11ರಲ್ಲಿ ಚಂದ್ರಯಾನ ಮಾಡಿದವರಿಗೂ ಕತ್ತಲಲ್ಲಿ ಇಂಥದೇ ಮಿನುಗು ಕಂಡಿತ್ತು. ಅಲ್ಲಿ ದೂರಲು ಹುಣಸೆಮರವೂ ಇರಲಿಲ್ಲ. ಬಾಹ್ಯಾಕಾಶದಿಂದ ಧಾವಿಸಿ ಬರುವ ವಿಶ್ವಕಿರಣಗಳ ಕಣಗಳು ಕಣ್ಣನ್ನು ಹಾಯ್ದು ಹೋದದ್ದೇ ಕಾರಣವೆಂದು ಮುಂದಿನ ಯಾನಗಳ ಪ್ರಯೋಗಗಳು ತೋರಿಸಿಕೊಟ್ಟವು.

ಆದರೆ ನನ್ನ ಮೆಚ್ಚಿನ ಮಿಂಚು ಅಡುಗೆಮನೆಯ ಡಬ್ಬಿಯಲ್ಲಿದೆ. 1933ರಿಂದ ಸಕ್ಕರೆ ಕಾರ್ಖಾನೆ ಇಟ್ಟುಕೊಂಡಿರುವ ಮಂಡ್ಯಕ್ಕೆ ಇದು ಗೊತ್ತಿರಲೇಬೇಕಿತ್ತು. ಗಟ್ಟಿ ಸಕ್ಕರೆಯನ್ನು ಕತ್ತಲಲ್ಲಿ ಒಡೆದರೆ ಹೊಳೆಯುತ್ತದೆಂದು ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1620ರಲ್ಲೇ ಬರೆದಿಟ್ಟಿದ್ದಾನೆ. ಹರಳು ಸೀಳಿದಾಗ ಎರಡು ಮುಖಗಳಲ್ಲಿ ಧನ, ಋಣ ವಿದ್ಯುತ್ತು ಬೇರೆಯಾಗಿ, ನಡುವಿನ ಗಾಳಿಯ ನೈಟ್ರೋಜನ್ನಿನಲ್ಲಿ ಕಿಡಿ ಹಾರುತ್ತದೆ. ಹೆಚ್ಚಿನದು ಕಣ್ಣಿಗೆ ಕಾಣದ ನೇರಳಾತೀತ. ನಮ್ಮ ಪಾಲಿಗೆ ಒಂದಿಷ್ಟು ಮಬ್ಬು ನೀಲಿ. ಕಿಟಕಿಗೆ ಕಂಬಳಿ ಹೊದಿಸಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಕಾಲು ಗಂಟೆ ಕೂತು, ಇಕ್ಕುಳದಲ್ಲಿ ಕಲ್ಲುಸಕ್ಕರೆ ಅದುಮಬೇಕು. ಪುಡಿಯನ್ನು ಎಸೆಯಬೇಕಾಗಿಲ್ಲ. ನಮ್ಮ ಮನೆಯಲ್ಲಿ ಅದು ಮರುದಿನದ ಪಾಯಸಕ್ಕೆ ಹೋಯಿತು.