ಜಮೀನು, ವಿನಾಯಿತಿಗಳಿಂದಷ್ಟೇ ಕೆಲಸ ಬರುವುದಿಲ್ಲ

‘ತೆರಿಗೆ ವಿನಾಯಿತಿ ಮತ್ತು ಅಗ್ಗದ ಜಮೀನು ಕೊಟ್ಟರೆ ಐಟಿ ಕಂಪನಿಗಳು ತಾವಾಗಿಯೇ ಹುಬ್ಬಳ್ಳಿ-ಧಾರವಾಡಕ್ಕೆ ಬರುತ್ತವೆ’ ಎಂದು ಲೇಖನವೊಂದರಲ್ಲಿ ಬರೆದಿರುವ ಮಾತನ್ನು ನಾನು ಒಪ್ಪಲಾರೆ. ಸಾಫ್ಟ್‌ವೇರ್ ರಫ್ತಿಗೆ ಉತ್ತೇಜನ ಕೊಡುವ ಕೇಂದ್ರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯಡಿ 2011ರ ಮಾರ್ಚ್‌ವರೆಗೆ ರಫ್ತಿನ ಲಾಭಕ್ಕೆ ದೊರೆಯುತ್ತಿದ್ದ ಆದಾಯ ತೆರಿಗೆ ವಿನಾಯಿತಿಯಾಗಲಿ, ವಿಶೇಷ ಆರ್ಥಿಕ ವಲಯಗಳಲ್ಲಿ ಮೊದಲ 5 ವರ್ಷ ಪೂರ್ತಿಯಾಗಿ, ಮುಂದಿನ 5 ವರ್ಷ ಅರ್ಧದಷ್ಟು ದೊರೆತ ವಿನಾಯಿತಿಯಾಗಲಿ ಊರು ನೋಡಿ ಕೊಟ್ಟದ್ದಲ್ಲ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೂ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೂ ಒಂದೇ ಲಾಭವೆಂದಾದಾಗ, ಗಿರಾಕಿಗಳು ಮತ್ತು ವಿದೇಶಕ್ಕೆ ನೇರ ವಿಮಾನಗಳು ಇರುವ ಬೆಂಗಳೂರನ್ನು ಬಿಟ್ಟು ಯಾವ ಕಂಪನಿ ಇತ್ತ ಮುಖ ಮಾಡೀತು?

ತರಬೇತಾದ ಜನರ ಕೊರತೆ ಎಂಬ ನೆಪವೂ ನಿಲ್ಲುವುದಿಲ್ಲ. 1947ರಲ್ಲಿ ಆರಂಭವಾದ ಬಿವಿಬಿ ಎಂಜಿನಿಯರಿಂಗ್ ಕಾಲೇಜು (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ) ಇಲ್ಲಿದೆ, 2016ರಿಂದ ಧಾರವಾಡದಲ್ಲಿ ಐಐಟಿ ಇದೆ; ಕಂಪನಿಗಳು ಸಂದರ್ಶನಕ್ಕೆ ಇಲ್ಲಿಗೇ ಬಂದು, ನೇಮಕಾತಿ ಪತ್ರದಲ್ಲಿ ಮಾತ್ರ ಬೆಂಗಳೂರು ಎಂದು ಬರೆಯುತ್ತವೆ.

ನನ್ನದೇ ಉದಾಹರಣೆ ಹೇಳುವುದಾದರೆ, 2020ರ ನವೆಂಬರ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಕಾಲ್ ಸೆಂಟರ್‌ಗಳಂಥ ಹೊರಗುತ್ತಿಗೆ ಸೇವಾ ಸಂಸ್ಥೆಗಳ ನಿಯಮಗಳನ್ನು ಸಡಿಲಿಸಿ ಮನೆಯಿಂದ ಕೆಲಸಕ್ಕೆ ದಾರಿ ಸುಗಮಗೊಳಿಸಿದ ಆ ಕಾಲದಲ್ಲಿ ನಾನು ಎರಡು ವರ್ಷ ಹುಬ್ಬಳ್ಳಿಯ ವಿದ್ಯಾನಗರದ ಮನೆಯಿಂದಲೇ ದುಡಿದೆ, ಕೆಲಸದ ಗುಣಮಟ್ಟದ ಬಗ್ಗೆ ಒಂದು ದೂರೂ ಬರಲಿಲ್ಲ. ಆದರೂ ಕಂಪನಿಯವರು ಬೆಂಗಳೂರಿಗೆ ವಾಪಸು ಕರೆಸಿಕೊಂಡರು. ಹಾಗೆ ಕರೆಸಿಕೊಂಡದ್ದು ಸರ್ಕಾರದ ಯಾವ ಆದೇಶದಿಂದಲೂ ಅಲ್ಲ, ಬಾಡಿಗೆ ಕಟ್ಟುತ್ತಿದ್ದ ಕಟ್ಟಡ ಖಾಲಿ ಬಿದ್ದಿದೆ ಎಂಬ ಲೆಕ್ಕದಿಂದ. (ಈಗ ಹಬ್ಬಕ್ಕೆ ಊರಿಗೆ ಬರಲು ರಾಣಿ ಚೆನ್ನಮ್ಮ ರೈಲಿನ ಟಿಕೆಟ್ ಸಿಕ್ಕರೆ ಪುಣ್ಯ.)

ಆದ್ದರಿಂದ ಸರ್ಕಾರ ರಿಯಾಯಿತಿಯನ್ನು ಜಮೀನಿನ ಎಕರೆಗಲ್ಲ, ಇಲ್ಲಿ ಕುಳಿತು ದುಡಿಯುವವರಿಗೆ ಕೊಡುವ ಸಂಬಳಕ್ಕೆ ಜೋಡಿಸಲಿ, ಮತ್ತು ಕಟ್ಟಡ ಕಟ್ಟಿ ಬೀಗ ಹಾಕಿದವರಿಂದ ಅದನ್ನು ಹಿಂಪಡೆಯಲಿ.