ಅಂಟು ಒಣಗುವವರೆಗೆ

ಅಕ್ಕನ ನಿವೃತ್ತಿಗೆ ಇನ್ನೂ ಹನ್ನೊಂದು ದಿನ ಬಾಕಿ ಇತ್ತು. ಅಂಗಡಿಗೆ ಹೋಗಿ ಒಂದು ಶುಭಾಶಯ ಪತ್ರ ಕೊಂಡು, ಒಳಗೆ ಹೆಸರು ಬರೆದು ಅಂಚೆಗೆ ಹಾಕಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಅಂಗಡಿಯ ಕಾರ್ಡುಗಳ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ನಾವು ಏನು ಹೇಳಬೇಕೆಂದು ತಡವರಿಸುತ್ತಿರುತ್ತೇವೋ ಅದನ್ನು ಅವು ನಮಗಿಂತ ಮೊದಲೇ, ನಮಗಿಂತ ಜೋರಾಗಿ, ಮಿನುಗುವ ಅಕ್ಷರಗಳಲ್ಲಿ ಹೇಳಿ ಮುಗಿಸಿರುತ್ತವೆ. ಅದರ ಕೆಳಗೆ ಸಹಿ ಹಾಕುವಾಗ ಬೇರೆ ಯಾರದೋ ಭಾಷಣಕ್ಕೆ ಚಪ್ಪಾಳೆ ತಟ್ಟಿ ಎದ್ದು ಬಂದಂತಾಗುತ್ತದೆ. ಸಾಲದ್ದಕ್ಕೆ ಅಕ್ಕ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು. ಅಚ್ಚಾದ ಮಾತಿಗೆ ಮರುಳಾಗುವವಳಲ್ಲ. ಹಾಗಾಗಿ, ಕಾರ್ಡನ್ನು ನಾನೇ ಮಾಡುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ಯಾರೂ ಏನೂ ಅನ್ನಲಿಲ್ಲ. ಹಿಂದೊಮ್ಮೆ ಪುಸ್ತಕದ ಕಪಾಟನ್ನು ನಾನೇ ಮಾಡುತ್ತೇನೆ ಎಂದಾಗಲೂ ಇದೇ ಮೌನ ಆವರಿಸಿತ್ತು.

ಅಚ್ಚಾದ ಕ್ರಿಸ್‌ಮಸ್ ಶುಭಾಶಯ ಪತ್ರದ ಹುಟ್ಟಿನ ಕತೆ ಗೊತ್ತಿದ್ದವರಿಗೆ ನನ್ನ ಈ ಉತ್ಸಾಹ ಸ್ವಲ್ಪ ತಿರುಗುಮುರುಗಾಗಿ ಕಾಣಬಹುದು. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದೇ ಒಂದು ಪೆನ್ನಿ ನಾಣ್ಯಕ್ಕೆ ದೇಶದ ಯಾವ ಮೂಲೆಗಾದರೂ ಪತ್ರ ತಲುಪಿಸುವ ಅಂಚೆ ವ್ಯವಸ್ಥೆ ಬಂತು. ಅದಕ್ಕಾಗಿ ದುಡಿದವರಲ್ಲಿ ಹೆನ್ರಿ ಕೋಲ್ ಎಂಬಾತನೂ ಒಬ್ಬ. ಅಂಚೆ ಅಗ್ಗವಾದದ್ದೇ ತಡ, ಎಲ್ಲರೂ ಎಲ್ಲರಿಗೂ ಬರೆಯತೊಡಗಿದರು. ವರ್ಷದ ಕೊನೆಗೆ ಉತ್ತರಿಸಬೇಕಾದ ಪತ್ರಗಳ ರಾಶಿ ಕೋಲ್‌ನ ಮೇಜಿನ ಮೇಲೂ ಏರಿತು. ತಾನೇ ತೆಗೆದ ಬಾಗಿಲಿನಿಂದ ನೆರೆ ನುಗ್ಗಿದಂತೆ. 1843ರಲ್ಲಿ ಅವನು ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿ, ಸಾವಿರದಷ್ಟು ಪ್ರತಿ ಅಚ್ಚು ಹಾಕಿಸಿದ. ಮೇಲೆ 'ಇಂಥವರಿಗೆ' ಎಂದು ಖಾಲಿ ಜಾಗ, ಕೆಳಗೆ 'ಇಂಥವರಿಂದ' ಎಂದು ಇನ್ನೊಂದು. ನಡುವೆ ಒಂದು ಕುಟುಂಬ ಒಟ್ಟಾಗಿ ಕುಳಿತು ದ್ರಾಕ್ಷಾರಸ ಸವಿಯುತ್ತಿದೆ. ಪುಟ್ಟ ಮಗುವಿನ ಬಾಯಿಗೂ ಲೋಟ ಹಿಡಿದಿದ್ದಾರೆ ಎಂದು ಪಾನನಿರೋಧದವರು ಕಿಡಿಕಾರಿದರಂತೆ. ತನಗೆ ಬೇಕಾದಷ್ಟನ್ನು ಬಳಸಿ ಮಿಕ್ಕ ಕಾರ್ಡುಗಳನ್ನು ಒಂದು ಶಿಲಿಂಗಿಗೆ ಒಂದರಂತೆ ಮಾರಾಟಕ್ಕೆ ಇಡಲಾಯಿತು.

ಅಂದರೆ ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದೇ ಪತ್ರ ಬರೆಯುವ ಕಷ್ಟದಿಂದ ಪಾರಾಗಲು. ನಾನೋ, ಎರಡು ಸಾಲು ಬರೆಯುವ ಬದಲು ಹನ್ನೊಂದು ದಿನದ ಕಷ್ಟವನ್ನು ಕರೆದು ಕೂರಿಸಿಕೊಂಡೆ. ಆ ಮೊದಲ ಕಾರ್ಡಿನ ಇನ್ನೊಂದು ಸಂಗತಿ ನನಗೆ ಧೈರ್ಯ ಕೊಟ್ಟಿತು. ಅದರ ಗೆರೆಗಳನ್ನು ಮುದ್ರಿಸಿದ್ದು ಕಲ್ಲಚ್ಚಿನಲ್ಲಿ, ಬಣ್ಣ ತುಂಬಿದ್ದು ಕೈಯಿಂದ. ಅರ್ಧ ಯಂತ್ರ, ಅರ್ಧ ಕೈ. ನನ್ನ ಯೋಜನೆಯೂ ಅದೇ ಆಗಿತ್ತು: ಚಿತ್ರ ಕಂಪ್ಯೂಟರಿನದು, ಕತ್ತರಿ ನನ್ನದು.

ಮೊದಲ ಎರಡು ದಿನ ಕಾಗದದಲ್ಲಿ ಕಳೆದುಹೋದವು. ಕಾಗದದ ದಪ್ಪವನ್ನು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಕಚೇರಿಗಳಲ್ಲಿ ಜೆರಾಕ್ಸಿಗೆ ಬಳಸುವುದು 70, 80 ಗ್ರಾಮಿನದು. ಅದರಲ್ಲಿ ಕಾರ್ಡು ಮಾಡಿ ಮೇಜಿನ ಮೇಲೆ ನಿಲ್ಲಿಸಿದರೆ ಸಭೆಯಲ್ಲಿ ತೂಕಡಿಸುವವನಂತೆ ನಿಧಾನವಾಗಿ ಮುಂದಕ್ಕೆ ಬಾಗುತ್ತದೆ. 200 ಗ್ರಾಂ ದಾಟಿದ ಮೇಲೆಯೇ ಕಾರ್ಡಿಗೆ ಬೆನ್ನೆಲುಬು ಬರುವುದು. ನಾನು 250 ಗ್ರಾಮಿನದನ್ನು ತಂದೆ. ಎ4 ಅಳತೆಯ ಹಾಳೆ, ಅಂದರೆ 210 ಮತ್ತು 297 ಮಿಲಿಮೀಟರ್. ಈ ವಿಚಿತ್ರ ಸಂಖ್ಯೆಗಳ ಹಿಂದೆ ಒಂದು ಜಾಣತನವಿದೆ. ನಡುವೆ ಮಡಿಸಿದರೆ ಸಿಗುವ ಅರ್ಧ ಹಾಳೆಯ ಆಕಾರವೂ ಇಡೀ ಹಾಳೆಯಂತೆಯೇ ಇರುತ್ತದೆ. ಇನ್ನೊಮ್ಮೆ ಮಡಿಸಿದರೂ ಅಷ್ಟೇ. ತಾಯಿ, ಮಗಳು, ಮೊಮ್ಮಗಳು ಎಲ್ಲರಿಗೂ ಒಂದೇ ಮುಖ.

ಆದರೆ ಮಡಿಸುವುದೇ ಒಂದು ವಿದ್ಯೆ ಎಂದು ನನಗೆ ಗೊತ್ತಿರಲಿಲ್ಲ. ಬಟ್ಟೆ ಮಡಿಸಿದಂತೆ ಮಡಿಸಿ, ಉಗುರಿನಿಂದ ತೀಡಿದೆ. ಮಡಿಕೆಯ ಉದ್ದಕ್ಕೂ ಕಾಗದ ಒಡೆದ ಹಿಮ್ಮಡಿಯಂತೆ ಬಿರಿಯಿತು. ಆಮೇಲೆ ತಿಳಿಯಿತು, ಮರಕ್ಕಿರುವಂತೆ ಕಾಗದಕ್ಕೂ ಎಳೆ ಇದೆ. ಕಾರ್ಖಾನೆಯಲ್ಲಿ ನಾರು ಬೆರೆತ ತಿಳಿನೀರು ಓಡುವ ಜಾಲರಿಯ ಮೇಲೆ ಹರಿಯುವಾಗ ಹೆಚ್ಚಿನ ನಾರುಗಳು ಓಟದ ದಿಕ್ಕಿಗೇ ತಲೆ ಹಾಕಿ ಮಲಗುತ್ತವೆ. ಹಾಳೆಯನ್ನು ಎರಡೂ ದಿಕ್ಕಿನಲ್ಲಿ ಮೆಲ್ಲಗೆ ಬಾಗಿಸಿ ನೋಡಿದರೆ ಯಾವ ಕಡೆ ಸಲೀಸಾಗಿ ಬಾಗುತ್ತದೆಂದು ಕೈಗೇ ಗೊತ್ತಾಗುತ್ತದೆ. ಆ ಎಳೆಯ ಜೊತೆ ಮಡಿಸಿದರೆ ಕಾಗದ ಹೇಳಿದಂತೆ ಕೇಳುತ್ತದೆ, ಅಡ್ಡಕ್ಕೆ ಮಡಿಸಿದರೆ ಸಿಡಿಯುತ್ತದೆ. ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ಎಳೆ ಉದ್ದಕ್ಕೆ ಇರುತ್ತದೆ. ನಾವು ಮಡಿಸುವುದು ನಡುವೆ ಅಡ್ಡಕ್ಕೆ. ಇದಕ್ಕೆ ಪರಿಹಾರ, ಮೊದಲೇ ಸ್ಕೇಲ್ ಇಟ್ಟು ಒಂದು ಗೀರು ಎಳೆದುಕೊಳ್ಳುವುದು. ಇದಕ್ಕೆಂದೇ ಉಪಕರಣ ಸಿಗುತ್ತದೆಯಂತೆ. ಶಾಯಿ ಮುಗಿದ ಬಾಲ್‌ಪೆನ್ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಶಾಯಿ ಮುಗಿದ ಪೆನ್ನುಗಳನ್ನು ಎಸೆಯದೆ ಡ್ರಾಯರಿನಲ್ಲಿ ಕೂಡಿಡುವ ನನ್ನ ಅಭ್ಯಾಸಕ್ಕೆ ಇಷ್ಟು ವರ್ಷಗಳ ನಂತರ ಮನೆಯಲ್ಲಿ ಒಂದು ಸಮರ್ಥನೆ ಸಿಕ್ಕಿತು.

ಮುಂದಿನದು ಕಂಪ್ಯೂಟರ್. ಇಲ್ಲಿ ಕಷ್ಟವೇ ಇಲ್ಲ, ಅದೇ ಕಷ್ಟ. ನಿಘಂಟಿನೊಳಗೆ ಒತ್ತಿಟ್ಟು ಒಣಗಿಸಿದ್ದ ಒಂದು ಎಲೆಯನ್ನು ಸ್ಕ್ಯಾನ್ ಮಾಡಿ, ಅದರ ನರನರವೂ ಪರದೆಯ ಮೇಲೆ ಮೂಡಿದಾಗ ಅರ್ಧ ದಿನ ಅದನ್ನೇ ನೋಡುತ್ತ ಕೂತೆ. ನಂತರ ಎಲೆಯನ್ನು ಹಸಿರು ಮಾಡಿದೆ, ಕೆಂಪು ಮಾಡಿದೆ, ಹನ್ನೆರಡು ಮಾಡಿ ವೃತ್ತದಲ್ಲಿ ಕೂರಿಸಿದೆ, ಮತ್ತೆ ಒಂದೇ ಮಾಡಿದೆ. ಮಾಡಿದ್ದನ್ನೆಲ್ಲ ಅಳಿಸುವ ಸೌಲಭ್ಯ ಒಂದು ಗುಂಡಿಯಷ್ಟು ಹತ್ತಿರದಲ್ಲಿದ್ದರೆ ಮನುಷ್ಯನಿಗೆ ಯಾವ ನಿರ್ಧಾರವೂ ನಿರ್ಧಾರವೆನಿಸುವುದಿಲ್ಲ. ಎಲೆ ಕೊನೆಗೂ ಗಿಣಿಹಸಿರಿನಲ್ಲಿ ನಿಂತಿತು. ಅಚ್ಚಾಗಿ ಬಂದಾಗ ಪಾಚಿಯ ಬಣ್ಣಕ್ಕಿತ್ತು. ಪ್ರಿಂಟರನ್ನು ಬೈದದ್ದು ನನ್ನ ತಪ್ಪು. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ತಾನೇ ಸೂಸುತ್ತದೆ, ದೀಪದಂತೆ. ಕಾಗದದ ಮೇಲಿನ ಶಾಯಿ ಕೋಣೆಯ ಬೆಳಕನ್ನು ಎರವಲು ಪಡೆದು ಅದರಲ್ಲಿ ಒಂದಷ್ಟನ್ನು ನುಂಗಿ ಉಳಿದದ್ದನ್ನು ಮರಳಿಸುತ್ತದೆ. ದೀಪದ ಎದುರು ಸಾಲಗಾರ ಮಂಕಾಗಿ ಕಾಣದೆ ಇನ್ನೇನು?

ಪ್ರಿಂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ರಕ್ತದೊತ್ತಡ ಏರುತ್ತದೆ. 250 ಗ್ರಾಮಿನ ಹಾಳೆಯನ್ನು ಅದು ಬಾಯಿಗಿಟ್ಟುಕೊಂಡು, ಅರ್ಧ ಅಗಿದು, ಹಿಂದಕ್ಕೂ ಬಿಡದೆ ಮುಂದಕ್ಕೂ ತಳ್ಳದೆ ಕೆಂಪು ದೀಪ ಮಿನುಗಿಸುತ್ತ ನಿಂತಿತು. ಒಳಗೆ ಹಾಳೆಯನ್ನು ಸುತ್ತಿ ತಿರುಗಿಸುವ ಯಂತ್ರಗಳಿಗೆ ದಪ್ಪ ಕಾಗದ ಬಗ್ಗುವುದಿಲ್ಲ. ಹಾಗಾಗಿ ತೆಳುವಾದ ಹಾಳೆಯಲ್ಲಿ ಅಚ್ಚು ಹಾಕಿ, ಕತ್ತರಿಸಿ, ದಪ್ಪ ಕಾರ್ಡಿಗೆ ಅಂಟಿಸುವುದೆಂದು ಒಪ್ಪಂದಕ್ಕೆ ಬಂದೆವು. ಇಷ್ಟರಲ್ಲಿ ಚಿತ್ರ ಒಮ್ಮೆ ಬೆನ್ನಿನ ಪುಟಕ್ಕೆ ಹೋಗಿತ್ತು. ತೆರೆದಿಟ್ಟ ಹಾಳೆಯಲ್ಲಿ ಬಲಗಡೆಯ ಅರ್ಧವೇ ಮುಖಪುಟ ಎಂಬುದು ಮಡಿಸಿದ ಮೇಲಷ್ಟೇ ಹೊಳೆಯುವ ಸತ್ಯ. ಇನ್ನೊಮ್ಮೆ ಒಳಪುಟ ತಲೆಕೆಳಗಾಗಿತ್ತು. ಪ್ರಿಂಟರಿಗೆ ಹಾಳೆಯ ಯಾವ ಮುಖವನ್ನು ಮೇಲಾಗಿ ಇಡಬೇಕೆಂದು ಖಚಿತವಾಗಿ ಬಲ್ಲವರನ್ನು ನಾನು ಇನ್ನೂ ಭೇಟಿಯಾಗಿಲ್ಲ. ಒಂದು ಹಾಳೆಯ ಮೂಲೆಗೆ ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿ ಪರೀಕ್ಷೆಗೆ ಕಳಿಸುತ್ತೇವೆ, ಉತ್ತರ ತಿಳಿದುಕೊಳ್ಳುತ್ತೇವೆ, ಮುಂದಿನ ಸಲಕ್ಕೆ ಮರೆಯುತ್ತೇವೆ.

ಅಕ್ಷರದ ವಿಷಯಕ್ಕೆ ಬಂದಾಗ ಮಾತ್ರ ನಿಜವಾದ ಪೆಟ್ಟು ಬಿತ್ತು. ನಾನು ಬಳಸುತ್ತಿದ್ದ ಚಿತ್ರದ ತಂತ್ರಾಂಶಕ್ಕೆ ಕನ್ನಡದ ಒತ್ತಕ್ಷರಗಳೆಂದರೆ ಅಲರ್ಜಿ. 'ಪ್ರೀತಿಯ ಅಕ್ಕನಿಗೆ' ಎಂದು ಬೆರಳಚ್ಚಿಸಿದರೆ ಪರದೆಯ ಮೇಲೆ 'ಅಕ್‌ಕನಿಗೆ' ಎಂದು ಮೂಡಿತು. ಒತ್ತು ಕೊಟ್ಟು ಕೂಡಿಸಬೇಕಾದ ಕಡೆ ಎರಡು ಕಕಾರಗಳು ಜಗಳವಾಡಿದ ಸಂಬಂಧಿಕರಂತೆ ದೂರ ದೂರ ನಿಂತಿದ್ದವು. ಪ್ರೀತಿಯ ಗತಿಯಂತೂ ಕೇಳುವುದೇ ಬೇಡ. ಕನ್ನಡ ಕಲಿಸಿದವಳಿಗೆ ಅವಳ ಸಂಬಂಧವನ್ನೇ ಸೀಳಿ ಕಳಿಸುವುದು ಹೇಗೆ? ಬೇರೆ ತಂತ್ರಾಂಶದಲ್ಲಿ ಬರೆದು ಚಿತ್ರವಾಗಿ ಉಳಿಸಿ ತಂದರೆ ಸರಿಹೋಗುತ್ತದೆ ಎಂದು ನಂತರ ತಿಳಿಯಿತು. ಆ ಹೊತ್ತಿಗೆ ನಾನು ಆವೇಶದಲ್ಲಿ ಪೆನ್ನು ಹಿಡಿದಾಗಿತ್ತು. ಅಕ್ಷರಗಳನ್ನೆಲ್ಲ ಕೈಯಿಂದಲೇ ಬರೆಯುತ್ತೇನೆ, ಮೊದಲ ಕಾರ್ಡಿನವರು ಬಣ್ಣ ತುಂಬಲಿಲ್ಲವೇ ಎಂದುಕೊಂಡೆ.

ಈಗ ಎಂಟನೆಯ ದಿನ. ಊಟದ ಮೇಜು ಕಾರ್ಖಾನೆಯಾಗಿತ್ತು, ಮನೆಯವರು ತಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಿದ್ದರು. ಎಲೆಯನ್ನು ಕತ್ತರಿಸಿದೆ. ಚಿಕ್ಕ ಕತ್ತರಿಯಿಂದ ವಕ್ರವಾದ ಅಂಚನ್ನು ಕತ್ತರಿಸುವಾಗ ತಿರುಗಬೇಕಾದದ್ದು ಕತ್ತರಿಯಲ್ಲ, ಕಾಗದ. ಇದನ್ನು ಕಲಿಯಲು ನನಗೆ ನಾಲ್ಕು ಎಲೆ ಬೇಕಾದವು. ನೀರಿನಂಶ ಹೆಚ್ಚಿರುವ ಅಂಟು ಹಚ್ಚಿದಾಗ ಕಾಗದದ ನಾರುಗಳು ನೀರು ಕುಡಿದು ಉಬ್ಬಿ, ಹಾಳೆ ಹಪ್ಪಳದಂತೆ ಏಳುತ್ತದೆ. ಸಾಲದ್ದಕ್ಕೆ ಇಂಕ್‌ಜೆಟ್ ಶಾಯಿಯೂ ಒದ್ದೆಗೆ ಹರಡುತ್ತದೆ. ತೆಳುವಾಗಿ ಸವರಿ, ಮೇಲೊಂದು ಕಾಗದ ಹೊದೆಸಿ, ದಪ್ಪ ಪುಸ್ತಕ ಹೇರಿ, ಕೈಕಟ್ಟಿ ಕೂರಬೇಕು. ಇಡೀ ಕಸುಬಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ ಭಾಗ. ಯಾರಾದರೂ "ಒಳಗೆ ಏನು ಬರೆದಿರಿ?" ಎಂದರೆ, "ಅಂಟು ಒಣಗಬೇಕು" ಎನ್ನಬಹುದು. ನಾಲ್ಕು ದಿನಗಳಿಂದ ನಾನು ಇದೇ ಉತ್ತರ ಕೊಡುತ್ತಿದ್ದೆ. ಮಡಿಕೆಗೆ ಅಡ್ಡಲಾಗಿ ಎರಡು ಸೀಳು ಹಾಕಿ ಒಳಕ್ಕೆ ತಳ್ಳಿದರೆ ಕಾರ್ಡು ತೆರೆದಾಗ ಒಂದು ಪುಟ್ಟ ಮೆಟ್ಟಿಲು ಎದ್ದು ನಿಲ್ಲುತ್ತದೆ. ಅದನ್ನೂ ಮಾಡಿದೆ, ಬೇಕಿತ್ತೆಂದಲ್ಲ. ಅದು ಇನ್ನೊಂದು ಸಂಜೆಯನ್ನು ನುಂಗಿಕೊಂಡಿತು, ಒಳಪುಟ ಖಾಲಿಯಾಗಿಯೇ ಉಳಿಯಿತು.

ಮುಖಪುಟದಲ್ಲಿ ಮಾತ್ರ ದೊಡ್ಡ ಅಕ್ಷರಗಳಲ್ಲಿ ಬರೆದಾಗಿತ್ತು. ಕಪ್ಪು ಶಾಯಿ, ದಪ್ಪ ನಿಬ್ಬು, ಪೆನ್ಸಿಲಿನ ಗೆರೆ ಎಳೆದುಕೊಂಡು ಉಸಿರು ಬಿಗಿಹಿಡಿದು ಬರೆದದ್ದು. ಎಲ್ಲ ಅಂಟಿಸಿ ಮುಗಿದ ಮೇಲೆ ಮಗಳು ಬಂದು ನೋಡಿದಳು. ತಲೆಯನ್ನು ಆಚೆ ಈಚೆ ವಾಲಿಸಿದಳು.

"ಅಪ್ಪಾ, ಇದನ್ನು ಅತ್ತೆ ಓದುತ್ತಾರೆ, ಅಲ್ಲವೇ?"

"ಮತ್ತಿನ್ಯಾರು ಓದುತ್ತಾರೆ?"

"ಹಾಗಾದರೆ ನೀವು ಒಮ್ಮೆ ಓದಿಬಿಡಿ."

ಓದಿದೆ. 'ಹಾರ್ದಿಕ ಶುಭಾಷಯಗಳು.' ಶುಭ ಮತ್ತು ಆಶಯ ಸೇರಿ ಶುಭಾಶಯ ಎಂದು ಅಕ್ಕನೇ ನನಗೆ ಎಂಟನೆಯ ವಯಸ್ಸಿನಲ್ಲಿ ತಲೆಗೆ ಮೊಟಕಿ ಹೇಳಿಕೊಟ್ಟಿದ್ದಳು. ಆದರೆ ಕಂಡಕಂಡ ಬ್ಯಾನರುಗಳಲ್ಲಿ ಅದಕ್ಕೆ ಷಕಾರ ತೊಡಿಸಿದ್ದನ್ನು ನೋಡಿ ನೋಡಿ ಕೈಗೆ ಅದೇ ರೂಢಿಯಾಗಿತ್ತು. ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತ್ತು. ಬಲಗೈಯ ಬೆರಳು ಗಾಳಿಯಲ್ಲಿ 'ಅಳಿಸು' ಗುಂಡಿಯನ್ನು ಹುಡುಕಿದ್ದು ನಿಜ, ಮಗಳು ಸಾಕ್ಷಿ.

ಬ್ಲೇಡಿನಿಂದ ಕೆರೆದರೆ ಕಾಗದ ಜುಂಗೇಳುತ್ತದೆ. ಬಿಳಿ ಬಳಿದರೆ ಅದು ಕಾಗದದ ಬಿಳಿಯಲ್ಲ, ಸುಣ್ಣದ ಬಿಳಿ. ಹೊಸದಾಗಿ ಮಾಡಲು ದಿನಗಳಿಲ್ಲ. ಆಗ ಹೊಳೆದದ್ದು ಹೂವು. ಕೈಯಿಂದ ಮಾಡಿದ ಕಾರ್ಡುಗಳನ್ನು ಆಮೇಲೆ ನಾನು ಅನುಮಾನದಿಂದಲೇ ನೋಡುತ್ತ ಬಂದಿದ್ದೇನೆ. ಎಲ್ಲಿ ಅನಿರೀಕ್ಷಿತವಾಗಿ ಒಂದು ಚಿಟ್ಟೆ ಕೂತಿದೆಯೋ, ಎಲ್ಲಿ ರಿಬ್ಬನ್ ಸ್ವಲ್ಪ ಓರೆಯಾಗಿ ಹಾದಿದೆಯೋ, ಅಲ್ಲಿ ಅಡಿಯಲ್ಲೊಂದು ಕತೆ ಇರುತ್ತದೆ. ಬಣ್ಣದ ಕಾಗದದಲ್ಲಿ ಐದು ಎಸಳಿನ ಹೂವು ಕತ್ತರಿಸಿ, ಅದರ ನಡುವೆ 'ಶ' ಎಂದು ಬರೆದು, ಷಕಾರದ ಮೇಲೆ ಕೂರಿಸಿದೆ. ಚೆನ್ನಾಗಿಯೇ ಕಂಡಿತು. ಆದರೆ ಒಂದೇ ಅಕ್ಷರಕ್ಕೆ ಹೂವು ಮುಡಿಸಿದರೆ ಆ ಅಕ್ಷರವೇ ಕಳ್ಳನಂತೆ ಎದ್ದು ಕಾಣುತ್ತದೆ. ಆದ್ದರಿಂದ ಆರಂಭದ 'ಶು'ವಿಗೂ ಒಂದು, ಕೊನೆಯ 'ಳು'ವಿಗೂ ಒಂದು ಮಾಡಿ ಅಂಟಿಸಿದೆ. ಮೂರು ಹೂವು. ಮೊದಲಿಂದಲೂ ಇದೇ ವಿನ್ಯಾಸವಿತ್ತು ಎಂದು ಯಾರಾದರೂ ನಂಬುವಂತಾಯಿತು.

ಹೂವುಗಳ ಅಡಿಗೆ ರಟ್ಟಿನ ಚೂರು ಕೊಟ್ಟು ಎತ್ತರಿಸಿದ್ದರಿಂದ ಕಾರ್ಡು ಲಕೋಟೆಯೊಳಗೆ ಹೋಗಲಿಲ್ಲ. ಹಳೆಯ ಲಕೋಟೆಯೊಂದರ ಅಂಟನ್ನು ಬಿಡಿಸಿ ಪೂರ್ತಿ ಹರಡಿ, ಅದರ ಆಕಾರವನ್ನೇ ಸ್ವಲ್ಪ ಹಿಗ್ಗಿಸಿ ಬರೆದುಕೊಂಡು ಹೊಸದನ್ನು ಮಾಡಿದೆ. ಅದೂ ಅಂಟಿನ ಕೆಲಸವೇ. ಆದರೆ ಈ ಸಲ ಒಣಗುವುದನ್ನು ಕಾಯುವಷ್ಟು ಸಮಯವಿರಲಿಲ್ಲ. ಅಂಚೆಗೆ ಹೊರಡುವ ಬೆಳಗ್ಗೆ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ನಿಂತಲ್ಲೇ ಒಳಪುಟದಲ್ಲಿ ಎರಡು ಸಾಲು ಬರೆದೆ. ಒಂದೂವರೆ ನಿಮಿಷ ಹಿಡಿದಿರಬಹುದು. ಏನು ಬರೆದೆ ಎಂಬುದು ಇಲ್ಲಿ ಬೇಡ.

ನಾಲ್ಕನೆಯ ದಿನ ಅಕ್ಕನ ಫೋನು ಬಂತು. ಕಾರ್ಡು ತಲುಪಿದೆ, ಎಲೆ ಚೆನ್ನಾಗಿದೆ, ಒಳಗಿನ ಮೆಟ್ಟಿಲು ಏಕೆಂದು ಗೊತ್ತಾಗಲಿಲ್ಲ ಎಂದಳು. ಆ ಎರಡು ಸಾಲಿನ ಬಗ್ಗೆ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ನಡುವಿನ ಹೂವಿನ ಕೆಳಗೆ ಏನಿದೆ ಎಂದು ನನಗೆ ಗೊತ್ತಾಯಿತು. ಉಳಿದೆರಡರ ಕೆಳಗೆ ಏನು ತಪ್ಪು ಮಾಡಿದ್ದೀಯೋ?"

"ಏನೂ ಇಲ್ಲ ಅಕ್ಕ, ಅವು ಬರೀ ಅಲಂಕಾರ."

"ಸರಿ," ಎಂದಳು. ಆದರೆ ಫೋನು ಇಡಲಿಲ್ಲ. ಆ ಕಡೆಯಿಂದ ಒಣಗಿದ ಅಂಟು ಕಾಗದದಿಂದ ಮೆಲ್ಲಗೆ ಬಿಟ್ಟುಕೊಳ್ಳುವ ಸದ್ದು ಕೇಳಿಸುತ್ತಿತ್ತು.